ರಕಾರ ಕೇಳಿಸದ ಊರಿನಲ್ಲಿ

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲ. ದಕ್ಷಿಣ ಭಾಗದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಪ್ರಯೋಗಾಲಯದಿಂದ ದೂರವಾಣಿ ಕರೆ ಬಂದಿತು: ರೋಗಿಯೊಬ್ಬರ ರಕ್ತದಲ್ಲಿ ಪೊಟ್ಯಾಸಿಯಂ 6.8ಕ್ಕೆ ಏರಿದೆ. ಹೆಸರು ಕೇಳಿದೆ. ಕಿವಿಗೆ ಬಿದ್ದದ್ದು ‘ಷಾ’, ಬರ್ನಾರ್ಡ್ ಷಾ ಅವರ ಷಾ. ಹೆಸರನ್ನೂ ಸಂಖ್ಯೆಯನ್ನೂ ಗೀಚಿಕೊಂಡು ಆ ಹಾಸಿಗೆಯ ಬಳಿಗೆ ಧಾವಿಸಿದೆ. ಇನ್ಸುಲಿನ್ ಮತ್ತು ಗ್ಲೂಕೋಸ್ ಸಿದ್ಧಪಡಿಸಲು ಹೇಳುತ್ತಿರುವಾಗ ಹಿರಿಯ ದಾದಿಯೊಬ್ಬರು ನನ್ನ ಚೀಟಿಯನ್ನು ರೋಗಿಯ ಕೈಪಟ್ಟಿಯೊಡನೆ ಹೋಲಿಸಿ ತಡೆದರು. ಸಂಖ್ಯೆ ಬೇರೆಯಾಗಿತ್ತು. ಪೊಟ್ಯಾಸಿಯಂ ಏರಿದ್ದುದು ಪಕ್ಕದ ವಾರ್ಡಿನ ‘ಷೋರ್’ ಎಂಬುವರಿಗೆ. ಹೋಲಿಸಿ ನೋಡದಿದ್ದುದು ನನ್ನದೇ ತಪ್ಪು. ಆದರೆ ಆ ಕೊನೆಯ ರಕಾರವನ್ನು ಹೇಳಿದವರು ಉಚ್ಚರಿಸಿಯೇ ಇರಲಿಲ್ಲ.

ದಕ್ಷಿಣ ಇಂಗ್ಲೆಂಡಿನಲ್ಲಿ ಸ್ವರದ ಮುಂದೆ ಬರುವ ರಕಾರ ಮಾತ್ರ ನುಡಿಯಲ್ಲಿ ಉಳಿದಿದೆ. ಪದದ ಕೊನೆಯಲ್ಲಿ, ವ್ಯಂಜನದ ಹಿಂದೆ ಅದು ಕರಗಿಹೋಗುತ್ತದೆ. ಲಂಡನ್ನಿನವರ ನಾಲಿಗೆಯಲ್ಲಿ ಅದು ಕ್ಷೀಣಿಸುತ್ತಿರುವುದನ್ನು ನಿಘಂಟುಕಾರ ಜಾನ್ ವಾಕರ್ 1791ರಲ್ಲಿಯೇ ಗುರುತಿಸಿದ್ದರು. ವಿಚಿತ್ರವೆಂದರೆ, ಇರುವ ರಕಾರವನ್ನು ನುಂಗುವ ಇದೇ ಜನ ಇಲ್ಲದ ಕಡೆ ಅದನ್ನು ತಂದು ಸೇರಿಸುತ್ತಾರೆ. ‘ಆಸ್ತಮಾ ಅಟ್ಯಾಕ್’ ಎಂಬುದು ‘ಆಸ್ತಮರಟ್ಯಾಕ್’ ಎಂದು ಕೇಳಿಸುತ್ತದೆ. ಎರಡು ಸ್ವರಗಳ ನಡುವೆ ಯಕಾರವನ್ನೋ ವಕಾರವನ್ನೋ ಆಗಮವಾಗಿ ತರುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ!

ಕೆಲವು ವರ್ಷಗಳ ನಂತರ ಲ್ಯಾಂಕಾಷೈರಿನ ಬ್ಲ್ಯಾಕ್‌ಬರ್ನ್ ಕಡೆಗೆ ಬಂದೆ. ಹಿಂದೊಮ್ಮೆ ಹತ್ತಿ ಗಿರಣಿಗಳಿಂದ ತುಂಬಿದ್ದ ಪ್ರದೇಶವಿದು. ಗಿರಣಿ ಕಾರ್ಮಿಕರನ್ನು ಕಾಣಲು ಗಾಂಧೀಜಿ 1931ರಲ್ಲಿ ಬಂದಿದ್ದ ಡಾರ್ವೆನ್ ಇಲ್ಲಿಗೆ ತೀರ ಸಮೀಪ. ಮೊದಲ ವಾರವೇ ವೃದ್ಧರೊಬ್ಬರು ಎದೆ ಮುಟ್ಟಿಕೊಂಡು ‘ಹಾರ್ಟ್’ ಎಂದರು. ರಕಾರ ಸ್ಪಷ್ಟವಾಗಿ ಕೇಳಿಸಿತು! ಸ್ಕಾಟ್ಲೆಂಡ್, ಐರ್ಲೆಂಡ್, ನೈರುತ್ಯ ಇಂಗ್ಲೆಂಡ್‌ಗಳಂತೆ ಲ್ಯಾಂಕಾಷೈರಿನ ಈ ಭಾಗದ ಹಿರಿಯರೂ ಅದನ್ನು ಉಳಿಸಿಕೊಂಡಿದ್ದರು. ನಾನು ಅವರ ಮಾತನ್ನು ಕೇಳುತ್ತ ಕುಳಿತುಬಿಟ್ಟೆ. ಅವರೋ ಸಂಕೋಚದಿಂದ, ತಮ್ಮದು ಹಳ್ಳಿಗಾಡಿನ ಮಾತು, ಕ್ಷಮಿಸಬೇಕು ಎಂದರು.

ಅಮೆರಿಕದಲ್ಲಿ ಗೌರವದ ಲೆಕ್ಕ ತಿರುಗುಮುರುಗು. 1962ರಲ್ಲಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ಮಳಿಗೆಗಳಿಗೆ ಹೋಗಿ, ‘ಫೋರ್ತ್ ಫ್ಲೋರ್’ ಎಂಬ ಉತ್ತರವೇ ಬರುವಂತಹ ಪ್ರಶ್ನೆ ಕೇಳಿದರು. ದುಬಾರಿ ಮಳಿಗೆಯ ನೌಕರರು ರಕಾರವನ್ನು ಹೆಚ್ಚಾಗಿ ಉಚ್ಚರಿಸಿದರು. ಅಗ್ಗದ ಮಳಿಗೆಯವರು ಕಡಿಮೆ. ಒಂದು ದಡದಲ್ಲಿ ಹಳ್ಳಿಗನ ಗುರುತಾದುದು ಇನ್ನೊಂದು ದಡದಲ್ಲಿ ಸಿರಿವಂತಿಕೆಯ ಗುರುತು.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಕಿರಿಯ ವೈದ್ಯರು ‘ಬ್ರಿಟಿಷ್ ಉಚ್ಚಾರಣೆ’ ಕಲಿಸುವ ತರಗತಿಗಳಿಗೆ ಹಣ ಸುರಿಯುವುದನ್ನು ಕಂಡು ನನಗೆ ಖೇದವಾಗುತ್ತದೆ. ಬರೆದ ರಕಾರವನ್ನೆಲ್ಲ ನುಡಿಯುವ ನಮ್ಮ ಕನ್ನಡದ ನಾಲಿಗೆಯನ್ನು ಯಾವ ರೋಗಿಯೂ ತಪ್ಪಾಗಿ ತಿಳಿದದ್ದು ನನಗೆ ನೆನಪಿಲ್ಲ. ಪಳಗಬೇಕಾದುದು ಕಿವಿ. ದೂರವಾಣಿಯಲ್ಲಿ ಹೆಸರು ಬಂದರೆ ಒಂದೊಂದೇ ಅಕ್ಷರ ಕೇಳಿ ಬರೆದುಕೊಳ್ಳಿ, ಜನ್ಮದಿನಾಂಕವನ್ನೂ ಸಂಖ್ಯೆಯನ್ನೂ ಓದಿ ಹೇಳಿ ಖಚಿತಪಡಿಸಿಕೊಳ್ಳಿ. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ. ಕಿರಿಯರು ಬೇಸರಪಟ್ಟರೂ ಸರಿಯೇ.

ಆ ವೃದ್ಧರು ಕಡೆಯ ಬಾರಿ ಬಂದಾಗ ಮೊಮ್ಮಗಳು ಜೊತೆಯಲ್ಲಿದ್ದಳು. ಅಲ್ಲಿಯೇ ಹುಟ್ಟಿ ಬೆಳೆದವಳು. ಅಜ್ಜನ ‘ಹಾರ್ಟ್’ ಹೇಗಿದೆ ಎಂದು ವಿಚಾರಿಸಿದಳು. ಅವಳ ಮಾತಿನಲ್ಲಿ ರಕಾರವಿರಲಿಲ್ಲ.