ಕಾರಿನೊಳಗಿನ ಗಾಳಿ

ಉಡುತಡಿಯ ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳದ ಕೊಯ್ಲು ಮೊದಲಾಯಿತೆಂದರೆ ನಮ್ಮಲ್ಲಿ ಗಾಳಿಯು ಗಾಳಿಯಾಗಿ ಉಳಿಯುವುದಿಲ್ಲ. ಹಾದಿಯ ಮೇಲೆಯೇ ಕಾಳನ್ನು ಒಣಹಾಕುವರು. ಕಾಳು ಬಿಡಿಸುವ ಯಂತ್ರವು ಬೆಳಗಿನಿಂದ ಬೈಗಿನವರೆಗೆ ಸಿಪ್ಪೆಯ ಧೂಳನ್ನು ಆಕಾಶಕ್ಕೆ ತೂರುತ್ತಿರುವುದು. ಉಬ್ಬಸದವರು ಮನೆಯಲ್ಲಿದ್ದರೆ ಆ ದಿನಗಳನ್ನು ದಾಟಿಸುವುದು ಎಷ್ಟು ಕಷ್ಟವೆಂಬುದನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ನನ್ನ ಪತ್ನಿಗೆ ಈ ವ್ಯಾಧಿಯುಂಟು. ಅದಕ್ಕಾಗಿಯೇ ನಿವೃತ್ತನಾದಾಗ ಕೈಗೆ ಬಂದ ಹಣದಲ್ಲಿ ಒಂದು ಹಳೆಯ ಕಾರನ್ನು ಕೊಂಡೆನು. ಗಾಜುಗಳನ್ನು ಏರಿಸಿ ಏಸಿಯನ್ನು ನಡೆಸಿದರೆ, ಶಿವಮೊಗ್ಗದ ವೈದ್ಯರ ಬಳಿಗೆ ಹೋಗಿಬರುವಷ್ಟು ಹೊತ್ತಾದರೂ ಆಕೆಗೆ ನಿರ್ಮಲವಾದ ಗಾಳಿ ದೊರೆತೀತೆಂಬುದು ನನ್ನ ಎಣಿಕೆ.

ಎಣಿಕೆ ತಲೆಕೆಳಗಾಯಿತು. ಬಸ್ಸಿನಲ್ಲಿ ಕೆಮ್ಮದಿದ್ದವಳು ಕಾರಿನಲ್ಲಿ ಕೆಮ್ಮತೊಡಗಿದಳು. ಗಾಳಿಯ ಗುಂಡಿಯನ್ನು ಕಡೆಯ ಅಂಕೆಗೆ ತಿರುಗಿಸಿದರೆ ಸದ್ದು ಹೆಚ್ಚುತ್ತಿತ್ತೇ ಹೊರತು ಗಾಳಿ ಹೆಚ್ಚುತ್ತಿರಲಿಲ್ಲ. ಬಂದಷ್ಟಕ್ಕೂ ನೆನೆದ ಗೋಣಿಚೀಲದ ಮುಗ್ಗಲು ವಾಸನೆ. ರಿಪೇರಿಯವನೊಬ್ಬನು “ಗ್ಯಾಸ್ ಮುಗಿದಿದೆ, ಮೇಷ್ಟ್ರೇ” ಎಂದು ತುಂಬಿಸಿ ಹಣ ಎಣಿಸಿಕೊಂಡನು. ವಾಸನೆಯೂ ಹೋಗಲಿಲ್ಲ, ಕೆಮ್ಮೂ ಹೋಗಲಿಲ್ಲ.

ಹೀಗೆಯೇ ತಿಂಗಳುಗಳು ಕಳೆದು ಆಷಾಢದ ಮಳೆ ಹಿಡಿಯಿತು. ಒಂದು ಸಂಜೆ ಶಿಕಾರಿಪುರದಿಂದ ಮರಳುತ್ತಿರುವಾಗ ಎದುರಿನ ಗಾಜಿಗೆ ಒಳಗಿನಿಂದ ಮಂಜು ಕವಿಯಿತು. ಗಾಜಿನ ಮೇಲೆ ಗಾಳಿ ಬಿಡುವ ಗುಂಡಿಯನ್ನು ಒತ್ತಿದೆನು, ಗಾಳಿಯಿದ್ದರೆ ತಾನೆ? ಕರವಸ್ತ್ರದಿಂದ ಒರಸಿದಲ್ಲಿ ಅಂಗೈಯಗಲದ ಕಂಡಿಯಾಯಿತು. ಆ ಕಂಡಿಯಲ್ಲಿ, ನಾಲ್ಕೈದು ಮಾರು ದೂರದಲ್ಲಿ, ದೀಪವಿಲ್ಲದ ಟ್ರ್ಯಾಕ್ಟರೊಂದರ ಹಿಂಬದಿ ಕಾಣಿಸಿತು. ಬ್ರೇಕು ಹಿಡಿಯಿತು, ಉಳಿದೆವು. ಮನೆ ಸೇರುವವರೆಗೆ ಆಕೆ ಮಾತನಾಡಲಿಲ್ಲ.

ಮರುದಿನ, ಟ್ಯಾಕ್ಸಿ ನಡೆಸುವ ಹಳೆಯ ಶಿಷ್ಯನೊಬ್ಬನು ಇದನ್ನು ಕೇಳಿ, “ಸಾರ್, ಏಸಿ ಫಿಲ್ಟರ್ ಯಾವಾಗ ಹಾಕಿಸಿದ್ದು?” ಎಂದನು. ಎಂಜಿನ್ನಿಗೆ ಒಂದು ಫಿಲ್ಟರ್ ಇರುವುದನ್ನು ಬಲ್ಲೆನು. ಒಳಗೆ ಕುಳಿತವರ ಉಸಿರಿಗೆ ಬೇರೊಂದು ಇರುವುದೆಂದು ಅರಿಯೆನು. ‘ವಾಯುಶೋಧಕ’ವೆಂಬ ಶಬ್ದವು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ಹೆಸರು ಹೇಳಿದರೆ ಅಂಗಡಿಯಲ್ಲಿ ಯಾರೂ ಕೊಡಲಾರರು.

ಅವನು ಎಂಜಿನ್ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಎಡಗಡೆಯ ಪೆಟ್ಟಿಗೆಯನ್ನು ಬರಿದುಮಾಡಿ, ಅದರ ಎರಡು ಪಕ್ಕಗಳನ್ನು ಒಳಮುಖವಾಗಿ ಅದುಮಿದನು. ಪೆಟ್ಟಿಗೆ ಕೆಳಕ್ಕೆ ಜೋತುಬಿದ್ದಿತು. ಹಿಂದೆ ಒಂದು ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ. ಅದನ್ನು ತೆಗೆದು ಎಳೆದರೆ ಬಂದದ್ದೇನು! ಒಂದು ಕಾಲಕ್ಕೆ ಬಿಳಿಯದಾಗಿದ್ದಿರಬೇಕಾದ, ಮಡಿಕೆ ಮಡಿಕೆಯಾದ ಒಂದು ಹಾಳೆ. ಈಗ ಕಾಡಿಗೆಯ ಬಣ್ಣ. ಮಡಿಕೆಗಳಲ್ಲಿ ಜೋಳದ ಸಿಪ್ಪೆ, ತರಗೆಲೆ, ಇಲಿಯ ಹಿಕ್ಕೆ. ಆ ಮೂಲಕವೇ ಬಂದ ಗಾಳಿಯನ್ನು ನಾನು ಆಕೆಗೆ ಔಷಧವೆಂದು ಉಣಿಸುತ್ತಿದ್ದೆನು.

ಕಾಫಿಯ ಶೋಧನೆಬಟ್ಟೆಯನ್ನು ತೊಳೆಯದೆ ವಾರಗಟ್ಟಲೆ ಬಳಸಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುವುದು. ರಂಧ್ರಗಳು ಮುಚ್ಚಿ ಗಾಳಿ ತಗ್ಗುವುದು. ಬೀಸುವ ಮೋಟಾರು ಬಳಲುವುದು. ಮಳೆಗಾಲದ ತೇವ ಕೂಡಿ ಬೂಷ್ಟು ಹಿಡಿಯುವುದು. ಆದರೆ ಬಟ್ಟೆಯಂತೆ ಇದನ್ನು ತೊಳೆಯಲಾಗದು. ಕಾಗದದ ಬಗೆಯದು ನೀರು ತಾಗಿದರೆ ಕೆಡುವುದು. ಪಂಪಿನಿಂದ ಊದಿದರೆ ಎಳೆ ಹರಿದೀತು, ಧೂಳು ಊದಿದವನ ಮೂಗಿಗೇ ಬಂದೀತು. ಬದಲಾಯಿಸುವುದೊಂದೇ ದಾರಿ. ಸಾಮಾನ್ಯವಾಗಿ 15–20 ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ ಎನ್ನುವರು. ನಮ್ಮಂತಹ ಧೂಳಿನ ಸೀಮೆಯಲ್ಲಿ ಕೊಯ್ಲು ಮುಗಿದೊಡನೆ ಒಮ್ಮೆ ಹೊರಗೆಳೆದು ನೋಡತಕ್ಕದ್ದು. ಬೆಲೆ ಕೆಲವು ನೂರು ರೂಪಾಯಿಗಳು. ವಾಸನೆಯನ್ನೂ ಹೀರುವ, ಇದ್ದಿಲು ಬೆರೆಸಿದ ಬಗೆಯದಕ್ಕೆ ಸ್ವಲ್ಪ ಹೆಚ್ಚು. ಕೆಲವು ಸಣ್ಣ ಕಾರುಗಳಲ್ಲಿ ಫಿಲ್ಟರೇ ಇರುವುದಿಲ್ಲವಾದುದರಿಂದ ಕೊಳ್ಳುವ ಮೊದಲು ಕೈಪಿಡಿಯನ್ನು ನೋಡಬೇಕು.

ಹೊಸದೇನೂ ಅಲ್ಲ ಈ ಏರ್ಪಾಡು. ಹೊರಗಿನ ಗಾಳಿಯನ್ನು ಸೋಸಿ, ಬಿಸಿಮಾಡಿ ಒಳಕ್ಕೆ ಬಿಡುವ ಕಾರನ್ನು ಅಮೆರಿಕದ ನ್ಯಾಶ್ ಕಂಪನಿಯವರು 1938ರಲ್ಲಿಯೇ ಮಾರಿದ್ದರು.

ಹೊಸ ಫಿಲ್ಟರನ್ನು ನಾನೇ ಹಾಕಿದೆನು. ಮೂಗಿಗೆ ಬಟ್ಟೆ ಕಟ್ಟಿ, ಇಲಿಯ ಹಿಕ್ಕೆಯಿದ್ದುದರಿಂದ ಕೈಗೆ ಗವಸು ತೊಟ್ಟು, ಗೂಡನ್ನು ಒದ್ದೆಬಟ್ಟೆಯಿಂದ ಒರಸಿ ಒಣಗಿಸಿದೆನು. ಅಂಚಿನಲ್ಲಿ ಗಾಳಿ ಹರಿಯುವ ದಿಕ್ಕಿನ ಬಾಣದ ಗುರುತಿರುವುದು. ಹಳೆಯದನ್ನು ತೆಗೆಯುವಾಗಲೇ ಅದನ್ನು ನೋಡಿಕೊಳ್ಳಬೇಕಾಗಿತ್ತು. ನೋಡದೆ, ಮೊದಲ ಸಲ ತಲೆಕೆಳಗಾಗಿ ಸೇರಿಸಿದೆನು. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವನನ್ನು ಶಿಷ್ಯನು ನಗದೆ ತಿದ್ದಿದನು. ಮಳೆಯಲ್ಲಿ ಒಳಗಾಳಿಯನ್ನೇ ತಿರುಗಿಸುವ ಗುಂಡಿಯನ್ನು ಒತ್ತಬಾರದು, ಹೊರಗಾಳಿಗೆ ದಾರಿ ಬಿಡಬೇಕು, ಇಲ್ಲವಾದರೆ ಉಸಿರಿನ ತೇವವೇ ಗಾಜಿಗೆ ಕವಿಯುವುದು ಎಂಬುದನ್ನೂ ಅವನಿಂದಲೇ ಕಲಿತೆನು.

ಆಕೆಯ ಉಬ್ಬಸವೇನೂ ವಾಸಿಯಾಗಲಿಲ್ಲ. ಸೇದುವ ಔಷಧವು ಈಗಲೂ ಸೆರಗಿನ ಗಂಟಿನಲ್ಲಿರುವುದು. ಆದರೆ ಕಳೆದ ಕೊಯ್ಲಿನಲ್ಲಿ ಶಿವಮೊಗ್ಗದವರೆಗೆ ಅದನ್ನು ಬಿಚ್ಚಲಿಲ್ಲ. ಆ ಹಳೆಯ ಫಿಲ್ಟರನ್ನು ಗ್ಯಾಸ್ ತುಂಬಿದವನಿಗೆ ತೋರಿಸಿಬರಬೇಕೆಂದು ಕಾಗದದಲ್ಲಿ ಸುತ್ತಿಟ್ಟಿದ್ದೆನು. ಆಕೆ ಅದನ್ನು ಕಸದ ಗಾಡಿಗೆ ಹಾಕಿಬಿಟ್ಟಿದ್ದಳು.