ನೀಟ್ ಕೈಕೊಟ್ಟರೂ ಬಾಗಿಲು ಮುಚ್ಚದಿರಲಿ
ಗಡಿ ತಾಲೂಕುಗಳ ಮಕ್ಕಳ ವೈದ್ಯಕೀಯ ಕನಸು: ಎರಡನೇ ದಾರಿಯ ಲೆಕ್ಕ ಹತ್ತನೇ ಇಯತ್ತೆಯಲ್ಲೇ ಶುರು

ಜತ್ತ: ಹತ್ತನೆಯ ಫಲಿತಾಂಶ ಬಂದ ವಾರ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ತೊಂಬತ್ತು ದಾಟಿದ ಮಕ್ಕಳು ‘ಡಾಕ್ಟರ್ ಆಗ್ತೀನಿ’ ಅಂತಾರೆ. ಅಕರಾವಿ-ಬಾರಾವಿಗೆ ಲಾತೂರಿಗೆ ಕಳಿಸೋದೋ, ಸೊಲ್ಲಾಪುರಕ್ಕೋ, ವಿಜಯಪುರಕ್ಕೋ ಎಂದು ಬೀಗರು-ನೆಂಟರನ್ನೆಲ್ಲ ಕೇಳಿದ್ದಾಗುತ್ತದೆ. ಆದರೆ ‘ಸೀಟ್ ಸಿಗ್ಲಿಲ್ಲಂದ್ರ ಮುಂದೇನ್ರಿ?’ ಎಂಬ ಮಾತನ್ನು ಮಾತ್ರ ಅಪಶಕುನ ಎಂದು ಯಾರೂ ಎತ್ತುವುದಿಲ್ಲ.

ಆ ಮಾತು ಎತ್ತಬೇಕಾದದ್ದು ಆಗಲೇ. ಗಡಿ ಭಾಗದ ವಿದ್ಯಾರ್ಥಿಗೆ ಕಡಿಮೆ ಖರ್ಚಿನ ಎರಡನೇ ದಾರಿ ಉಳಿಯುತ್ತದೋ ಇಲ್ಲವೋ ಎಂಬುದು ನೀಟ್ ಫಲಿತಾಂಶದ ದಿನ ಗೊತ್ತಾಗುವ ಸಂಗತಿಯಲ್ಲ. ಹನ್ನೊಂದನೇ ಇಯತ್ತೆಗೆ ಯಾವ ಊರಿನಲ್ಲಿ ಹೆಸರು ಹಚ್ಚಿದರು ಎಂಬುದರ ಮೇಲೆ ಅರ್ಧ ತೀರ್ಮಾನ ಆಗಿಬಿಟ್ಟಿರುತ್ತದೆ.

ಪಾಸಾದವರೆಲ್ಲರಿಗೂ ಸೀಟಿಲ್ಲ

2025ರಲ್ಲಿ ದೇಶದಾದ್ಯಂತ 22 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ನೀಟ್ ಬರೆದರು. ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳಾದರೋ ಸುಮಾರು 1.2 ಲಕ್ಷ. ಅದರಲ್ಲಿ ಸರ್ಕಾರಿ ಕಾಲೇಜಿನವು ಅರ್ಧದ ಆಸುಪಾಸು. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತಾ ಅಂಕ 720ಕ್ಕೆ 144. ‘ಮಗ ನೀಟ್ ಪಾಸಾದ’ ಎಂದು ಪೇಢೆ ಹಂಚಿದ ಮನೆಯವರಿಗೆ ಕೌನ್ಸೆಲಿಂಗ್ ಶುರುವಾದ ಮೇಲೆ ಅರಿವಾಗುವ ಸತ್ಯ ಇದು: ಪಾಸಾಗುವುದು ಬೇರೆ, ಸರ್ಕಾರಿ ಸೀಟು ಸಿಗುವುದು ಬೇರೆ.

ಸರ್ಕಾರಿ ಕಾಲೇಜುಗಳ 15 ಶೇಕಡಾ ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅಲ್ಲಿ ಯಾವ ರಾಜ್ಯದವರಾದರೂ ನಡೆಯುತ್ತದೆ. ಉಳಿದ 85 ಶೇಕಡಾ ಆಯಾ ರಾಜ್ಯದ್ದು. ಬಡ ಹಾಗೂ ಮಧ್ಯಮ ಮನೆಯ ಮಕ್ಕಳ ನಿಜವಾದ ಆಸರೆ ಈ 85 ಶೇಕಡಾ. ಗಡಿ ಕನ್ನಡಿಗರ ತೊಡಕೂ ಅಲ್ಲೇ ಇದೆ, ಅನುಕೂಲವೂ ಅಲ್ಲೇ ಇದೆ.

ಎರಡು ರಾಜ್ಯ, ಎರಡು ನಿಯಮ

ಮಹಾರಾಷ್ಟ್ರದ ರಾಜ್ಯ ಕೋಟಾಕ್ಕೆ ಅಧಿವಾಸ ದಾಖಲೆ ಬೇಕು. ಜೊತೆಗೆ ಹತ್ತನೆಯದೂ ಹನ್ನೆರಡನೆಯದೂ ಮಹಾರಾಷ್ಟ್ರದ ಸಂಸ್ಥೆಯಲ್ಲೇ ಪಾಸಾಗಿರಬೇಕು. ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜು, ಮಿರಜ, ಕೊಲ್ಲಾಪುರ, ಲಾತೂರಿನ ಸರ್ಕಾರಿ ಕಾಲೇಜುಗಳ ರಾಜ್ಯ ಕೋಟಾದ ಬಾಗಿಲು ಇದರಿಂದಲೇ ತೆರೆಯುತ್ತದೆ.

ಕರ್ನಾಟಕದಲ್ಲಿ ಸಾಮಾನ್ಯ ನಿಯಮ ಏಳು ವರ್ಷ ಅಲ್ಲಿಯೇ ಓದಿರಬೇಕು ಎಂಬುದು. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ‘ಗಡಿನಾಡು ಕನ್ನಡಿಗ’ ಎಂಬ ಬೇರೆ ಕಲಮೇ ಇದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ವಿವಾದಿತ ಕನ್ನಡ ಪ್ರದೇಶದ ನಿವಾಸಿಗಳು ಇದರಲ್ಲಿ ಬರುತ್ತಾರೆ. ತಾಯ್ನುಡಿ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಓದಿದ್ದೂ ಪಾಸಾಗಿದ್ದೂ ಈ ತಾಲೂಕುಗಳ ಸಂಸ್ಥೆಯಲ್ಲೇ ಆಗಿರಬೇಕು. ಇದರ ಮೇಲೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಝಡ್‌ಪಿ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಅದು ಹೆದರುವಂಥ ಪರೀಕ್ಷೆಯಲ್ಲ.

ತಾಳವಾಡಿ, ಹೊಸೂರು, ಆದವಾನಿ, ರಾಯದುರ್ಗ ಕಡೆಯವರು ಗಮನಿಸಬೇಕು: ಆ ತಾಲೂಕುಗಳು ಈ ಪಟ್ಟಿಯಲ್ಲಿಲ್ಲ. ಅವರು ‘ಹೊರನಾಡು ಕನ್ನಡಿಗ’ ಕಲಮನ್ನು ಬೇರೆಯಾಗಿ ಓದಿಕೊಳ್ಳಬೇಕು.

ಊರು ತಪ್ಪಿದರೆ ಹಕ್ಕು ತಪ್ಪೀತು

ಎರಡೂ ನಿಯಮ ಒಟ್ಟಿಗಿಟ್ಟು ನೋಡಿದರೆ ವಿಷಯ ಬಯಲಾಗುತ್ತದೆ. ಜತ್ತ ತಾಲೂಕಿನಲ್ಲಿ ಹತ್ತನೆಯದು ಮುಗಿಸಿದ ಒಬ್ಬ ಹುಡುಗಿ ಅಲ್ಲಿಯ ಕನಿಷ್ಠ ಮಹಾವಿದ್ಯಾಲಯದಲ್ಲೇ ಬಾರಾವಿ ಸಾಯನ್ಸ್ ಮಾಡಿದಳು ಅಂದುಕೊಳ್ಳೋಣ. ಆಕೆಗೆ ಮಹಾರಾಷ್ಟ್ರದ 85 ಶೇಕಡಾವೂ ಉಂಟು, ಕರ್ನಾಟಕದ ಗಡಿನಾಡು ಕಲಮೂ ಉಂಟು.

ಅದೇ ಹುಡುಗಿ ಲಾತೂರಿಗೆ ಹೋಗಿ ಬಾರಾವಿ ಮುಗಿಸಿದರೆ ಮಹಾರಾಷ್ಟ್ರದ ಹಕ್ಕು ಉಳಿಯುತ್ತದೆ, ಗಡಿನಾಡು ಕಲಮು ಕೈತಪ್ಪುತ್ತದೆ. ಸೊಲ್ಲಾಪುರ ನಗರದಲ್ಲಿ ಓದಿಸಿದವರಿಗೂ ಇದೇ ಎಚ್ಚರಿಕೆ. ನಗರದ ಬಹುಭಾಗ ಉತ್ತರ ಸೊಲ್ಲಾಪುರ ತಾಲೂಕಿನದು, ಪಟ್ಟಿಯಲ್ಲಿರುವುದು ದಕ್ಷಿಣ ಸೊಲ್ಲಾಪುರ. ಕಾಲೇಜು ಯಾವ ತಾಲೂಕಿನಲ್ಲಿದೆ ಎಂದು ದಾಖಲಾತಿಗೆ ಮೊದಲೇ ಕೇಳಿಕೊಳ್ಳುವುದು ಒಳಿತು.

ಹೆಚ್ಚು ಪೆಟ್ಟು ಬೀಳುವುದು ಹತ್ತನೆಯವರೆಗೆ ಇಲ್ಲಿ ಓದಿ ಪಿಯುಸಿಗೆ ವಿಜಯಪುರ, ಧಾರವಾಡ, ಮಂಗಳೂರು ಕಡೆ ಹೋದವರಿಗೆ. ಬಾರಾವಿ ಹೊರಗಾಯಿತು, ಮಹಾರಾಷ್ಟ್ರದ ಕೋಟಾ ಹೋಯಿತು. ಕರ್ನಾಟಕದಲ್ಲಿ ಏಳು ವರ್ಷ ತುಂಬಲಿಲ್ಲ, ಗಡಿ ತಾಲೂಕಿನ ಸಂಸ್ಥೆಯಲ್ಲಿ ಬಾರಾವಿಯೂ ಆಗಲಿಲ್ಲ. ‘ಕನ್ನಡ ನಾಡಿಗೇ ಕಳಿಸೀವಿ, ಅಲ್ಲೇ ಸೀಟ್ ಸಿಗತೈತಿ’ ಎಂದು ನಂಬಿದ ಪಾಲಕರು ಎರಡೂ ಕಡೆ ಪರವೂರವರಾಗಿ ನಿಲ್ಲಬೇಕಾದೀತು. ಒಳ್ಳೆಯ ಕೋಚಿಂಗ್‌ಗಾಗಿ ಹೊರಗೆ ಕಳಿಸುವುದು ತಪ್ಪಲ್ಲ. ಯಾವ ಹಕ್ಕು ಬಿಟ್ಟುಕೊಟ್ಟು ಕಳಿಸುತ್ತಿದ್ದೇವೆ ಎಂಬುದು ಗೊತ್ತಿರಬೇಕು, ಅಷ್ಟೇ.

ಫೀ ಲೆಕ್ಕ

ಈ ಹಕ್ಕಿನ ಬೆಲೆ ತಿಳಿಯಲು ಫೀ ನೋಡಬೇಕು. ಕರ್ನಾಟಕದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಎಂಬಿಬಿಎಸ್ ಫೀ ವರ್ಷಕ್ಕೆ 60ರಿಂದ 70 ಸಾವಿರದ ನಡುವೆ ಇದೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಮಹಾರಾಷ್ಟ್ರದ ಸರ್ಕಾರಿ ಕಾಲೇಜಿನ ಫೀ ಒಂದು ಲಕ್ಷ ದಾಟುತ್ತದೆ. ಅಲ್ಲಿಯ ಖಾಸಗಿ ಕಾಲೇಜುಗಳಲ್ಲಿ ರಾಜ್ಯ ಕೋಟಾದ ಸೀಟಿಗೂ ಹಲವು ಲಕ್ಷ. ಎರಡೂ ರಾಜ್ಯಗಳ ಹಲವು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ 20 ಲಕ್ಷ ದಾಟಿದೆ.

ಮಹಾರಾಷ್ಟ್ರದಲ್ಲೇ ಉಳಿಯುವವರಿಗೆ ಬೇರೆ ಸವಲತ್ತುಗಳಿವೆ. 2024ರ ಜುಲೈ 8ರ ಸರ್ಕಾರಿ ನಿರ್ಣಯದ ಪ್ರಕಾರ ಇಡಬ್ಲ್ಯೂಎಸ್, ಎಸ್‌ಇಬಿಸಿ, ಒಬಿಸಿ ವರ್ಗದ ವಿದ್ಯಾರ್ಥಿನಿಯರಿಗೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ವೃತ್ತಿ ಶಿಕ್ಷಣದ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಸರ್ಕಾರಿ ಪ್ರವೇಶ ಪ್ರಕ್ರಿಯೆಯ ಮೂಲಕವೇ ಸೀಟು ಪಡೆದಿರಬೇಕು, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ನಡೆಯದು. ಹೆಣ್ಣುಮಗಳಿರುವ ಮನೆಗೆ ಇದು ಇಡೀ ಲೆಕ್ಕವನ್ನೇ ಬದಲಿಸಬಲ್ಲದು.

ಜಾತಿ ಮೀಸಲಾತಿಯ ವಿಷಯದಲ್ಲಿ ಮಾತ್ರ ಎಚ್ಚರ. ಮಹಾರಾಷ್ಟ್ರದ ಜಾತಿ ದಾಖಲೆ ಮತ್ತು ‘ಪಡತಾಳಣಿ’ ಪ್ರಮಾಣಪತ್ರ ಮಹಾರಾಷ್ಟ್ರದ ಸೀಟಿಗೆ ಉಪಯೋಗ. ಅದು ಕರ್ನಾಟಕದಲ್ಲೂ ಹಾಗೇ ನಡೆಯುತ್ತದೆ ಎಂದು ಹಿಡಿಯಬಾರದು. ಅಲ್ಲಿ ಸಾಮಾನ್ಯ ವರ್ಗದ ರ‍್ಯಾಂಕ್ ಹಿಡಿದೇ ಅಂದಾಜು ಹಾಕುವುದು ಜಾಣತನ.

ಎರಡನೇ ದಾರಿ ಯಾವುದು?

ಎಂಬಿಬಿಎಸ್ ಸಿಗದಿದ್ದರೆ ‘ಬಿಎಎಂಎಸ್ ಇದ್ದೇ ಇದೆ’ ಎನ್ನುವವರು ಬಹಳ. ಆದರೆ ಬಿಎಎಂಎಸ್, ಬಿಎಚ್‌ಎಂಎಸ್, ಬಿಡಿಎಸ್ ಮೂರಕ್ಕೂ ನೀಟ್ ಅರ್ಹತೆ ಬೇಕೇ ಬೇಕು. ಮಹಾರಾಷ್ಟ್ರದಲ್ಲಿ ಫಿಜಿಯೋಥೆರಪಿ, ಪಶುವೈದ್ಯಕೀಯ ಪ್ರವೇಶವೂ ನೀಟ್ ಮೇಲೆಯೇ. ನೀಟ್ ಪೂರ್ತಿ ಕೈಕೊಟ್ಟರೆ ಈ ಬಾಗಿಲುಗಳೂ ಒಟ್ಟಿಗೇ ಮುಚ್ಚುತ್ತವೆ. ಹಾಗಾಗಿ ಕನಿಷ್ಠ ಒಂದು ದಾರಿಯಾದರೂ ನೀಟ್ ಹೊರಗಿನದು ಇರಬೇಕು.

ಮಹಾರಾಷ್ಟ್ರದಲ್ಲಿ ಬಿ.ಫಾರ್ಮ್, ಬಿಎಸ್ಸಿ ಕೃಷಿಗೆ ಎಂಎಚ್‌ಟಿ-ಸಿಇಟಿ. ಬಿಎಸ್ಸಿ ನರ್ಸಿಂಗ್‌ಗೆ ಬೇರೆ ಸಿಇಟಿ. ಕರ್ನಾಟಕದಲ್ಲಿ ಬಿ.ಫಾರ್ಮ್, ಕೃಷಿ, ನರ್ಸಿಂಗ್, ಪಶುವೈದ್ಯಕೀಯ ಎಲ್ಲಕ್ಕೂ ಒಂದೇ ಸಿಇಟಿ. ಕರಾಡದಲ್ಲಿ ಸರ್ಕಾರಿ ಫಾರ್ಮಸಿ ಕಾಲೇಜಿದೆ. ವಿಜಯಪುರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ. ಆಯುರ್ವೇದಕ್ಕೆ ಧಾರಾಶಿವ ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ಕಾಲೇಜುಗಳಿವೆ.

ಪಶುವೈದ್ಯಕೀಯವನ್ನು ನಮ್ಮ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಾಡಗ್ಯಾಳ ಕುರಿ, ಖಿಲಾರ ಎತ್ತು, ಪಂಢರಪುರಿ ಎಮ್ಮೆಯ ಸೀಮೆ ಇದು. ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದೇ ದನ-ಕುರಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಬಿವಿಎಸ್ಸಿ ಮುಗಿಸಿದವರಿಗೆ ತಮ್ಮದೇ ನೋಂದಣಿ, ತಮ್ಮದೇ ವೃತ್ತಿ. ಬೀದರ, ಗದಗ, ಉದಗೀರ, ಶಿರವಳದಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ.

ಯಾವ ಕೋರ್ಸಾದರೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಹೊಲ ಮಾರದೆ, ಬಂಗಾರ ಒತ್ತೆ ಇಡದೆ ಕೊನೆಯ ವರ್ಷದವರೆಗೂ ಫೀ, ಹಾಸ್ಟೆಲ್ ಖರ್ಚು ತುಂಬಲು ಸಾಧ್ಯವೇ? ಮುಂದೆಂದೂ ಎಂಬಿಬಿಎಸ್ ಆಗದಿದ್ದರೂ ಈ ಪದವಿ ಒಂದೇ ಹೊಟ್ಟೆ ತುಂಬಿಸುತ್ತದೆಯೇ? ಮಗುವಿಗೆ ಅದರಲ್ಲಿ ಮನಸ್ಸಿದೆಯೇ? ಮೂರಕ್ಕೂ ‘ಹೌದು’ ಬಂದರೆ ಅದು ನಿಜವಾದ ಎರಡನೇ ದಾರಿ.

ಹುಸಿ ಆಸರೆಗಳು

‘ನೀಟ್ ಅಂಕ ಕಡಿಮೆ ಇದ್ದರೂ ಚಿಂತಿಲ್ಲ, ವಿದೇಶದಾಗ ಸಸ್ತಾದಾಗ ಡಾಕ್ಟರ್ ಮಾಡ್ಸತೀವಿ’ ಎನ್ನುವ ಏಜೆಂಟರು ಗಡಿ ಊರುಗಳಿಗೂ ಬರುತ್ತಾರೆ. ಅಲ್ಲಿ ಓದಲೂ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಕನಿಷ್ಠ 54 ತಿಂಗಳ ಓದು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಆಗಬೇಕು. ಮರಳಿ ಬಂದ ಮೇಲೆ ಇಲ್ಲಿಯ ಅರ್ಹತಾ ಪರೀಕ್ಷೆ. 2024ರಲ್ಲಿ ನಡೆದ ಎರಡೂ ಪರೀಕ್ಷೆಗಳಲ್ಲಿ ಪಾಸಾದವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ.

ಇನ್ನೊಂದು ಆಸರೆ ‘ಮತ್ತೊಂದು ವರ್ಷ ಕೂರಿಸೋಣ’. 2022ರಲ್ಲಿ ನೀಟ್‌ನ ಗರಿಷ್ಠ ವಯೋಮಿತಿ ತೆಗೆದುಹಾಕಲಾಗಿದೆ, ಎಷ್ಟು ಸಲವಾದರೂ ಬರೆಯಬಹುದು. ಆದರೆ ಕೋಚಿಂಗ್ ಫೀ, ಊಟ-ವಸತಿ ಸೇರಿಸಿದರೆ ಒಂದು ವರ್ಷದ ಖರ್ಚು ಸರ್ಕಾರಿ ಕಾಲೇಜಿನ ಫೀಯನ್ನೇ ಮೀರುವುದುಂಟು. ಮೊದಲ ಸಲ ಸೀಟಿನ ಸಮೀಪ ಬಂದ ಮಗುವಿಗೆ ಇನ್ನೊಂದು ವರ್ಷ ಕೊಡುವುದರಲ್ಲಿ ಅರ್ಥವಿದೆ. ಬಹಳ ಹಿಂದೆ ಉಳಿದವರನ್ನು ಮೂರು-ನಾಲ್ಕು ವರ್ಷ ಕೋಣೆಯಲ್ಲಿ ಕೂರಿಸುವುದರಿಂದ ಹಣದ ಜೊತೆ ಮಗುವಿನ ಧೈರ್ಯವೂ ಕರಗುತ್ತದೆ.

ಪಾಲಕರು ನೆನಪಿಡಬೇಕಾದದ್ದು

* ಹತ್ತನೆಯದಾದ ಕೂಡಲೇ: ಅಧಿವಾಸ, ಆದಾಯ, ಜಾತಿ, ನಾನ್ ಕ್ರಿಮಿಲೇಯರ್ ದಾಖಲೆಗೆ ಅರ್ಜಿ. ಪಡತಾಳಣಿಗೆ ತಿಂಗಳುಗಟ್ಟಲೆ ಹಿಡಿಯಬಹುದು, ಕೊನೆ ಗಳಿಗೆಗೆ ಬಿಡಬಾರದು.

* ಬಾರಾವಿ ವರ್ಷದ ಜನವರಿ-ಫೆಬ್ರವರಿ: ಕರ್ನಾಟಕ ಸಿಇಟಿ, ಎಂಎಚ್‌ಟಿ-ಸಿಇಟಿ, ನೀಟ್ ಅರ್ಜಿಗಳು ಹೆಚ್ಚಾಗಿ ಈ ಸುಮಾರಿಗೆ ತೆರೆಯುತ್ತವೆ. ಕರ್ನಾಟಕದ ಅರ್ಜಿಯಲ್ಲಿ ಗಡಿನಾಡು ಕಲಮನ್ನು ಆಗಲೇ ತುಂಬಬೇಕು. ನೀಟ್ ಆದ ಮೇಲೆ ನೋಡೋಣ ಎಂದರೆ ಅವಕಾಶ ತಪ್ಪುತ್ತದೆ.

* ಏಪ್ರಿಲ್: ಸಿಇಟಿಯ ಆಸುಪಾಸಿನ ದಿನ ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. ಅದಕ್ಕೆ ಹಾಜರಾಗದಿದ್ದರೆ ಗಡಿನಾಡು ಹಕ್ಕು ಇಲ್ಲ.

* ಪ್ರವೇಶಕ್ಕೆ ಮುನ್ನ: ಕಾಲೇಜಿಗೆ ಆಯಾ ರಾಷ್ಟ್ರೀಯ ಆಯೋಗ ಅಥವಾ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ನೋಡಬೇಕು. ಮಹಾರಾಷ್ಟ್ರದ ಸರ್ಕಾರಿ ಎಂಬಿಬಿಎಸ್‌ಗೆ ಒಂದು ವರ್ಷದ ಸೇವಾ ಬಾಂಡ್ ಇದೆ, ತಪ್ಪಿದರೆ 10 ಲಕ್ಷ ದಂಡ.

* ನಿಯಮಗಳು ವರ್ಷಕ್ಕೊಮ್ಮೆ ತಿದ್ದುಪಡಿ ಆಗುತ್ತವೆ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಶಾಲೆಯ ಗುರುಗಳ ಜೊತೆ ಕೂತು ಓದಿ, ತಹಶೀಲ್ದಾರ ಮತ್ತು ಮುಖ್ಯಾಧ್ಯಾಪಕರ ಸಹಿಯ ನಮೂನೆಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು.

ಗಡಿಯಲ್ಲಿರುವುದು ಇಲ್ಲಿಯ ಜನಕ್ಕೆ ಬಹಳ ಸಲ ಎರಡೂ ಕಡೆಯ ತೊಂದರೆ ತಂದಿದೆ. ಓದಿನ ವಿಷಯದಲ್ಲಿ ಮಾತ್ರ, ಕಾಗದ-ಪತ್ರ ಸರಿಯಿದ್ದರೆ, ಒಂದೇ ಮಗು ಎರಡು ರಾಜ್ಯಗಳ ಬಾಗಿಲು ಬಡಿಯಬಹುದು. ಆ ಹಕ್ಕು ಇದೆಯೆಂದೇ ತಿಳಿಯದೆ ಅದನ್ನು ಕಳೆದುಕೊಳ್ಳುವ ಮನೆಗಳು ಈ ವರ್ಷವಾದರೂ ಕಡಿಮೆಯಾಗಬೇಕು.