ತೂಕ ಏರಿತು, ಕಾಲು ಸೋತಿತು

ನಮ್ಮ ಹಟ್ಟಿಯ ದನ ಒಂದು ಹೆಜ್ಜೆ ಕುಂಟಿದರೂ ಮನೆಮಂದಿಗೆಲ್ಲ ತಿಳಿಯುತ್ತದೆ. ಅಮೆರಿಕದಲ್ಲಿ ಮಾಂಸಕ್ಕಾಗಿ ಸಾವಿರಾರು ದನಗಳನ್ನು ಒಂದೇ ದೊಡ್ಡಿಯಲ್ಲಿ ಕೂಡಿ, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುತ್ತಾರೆ. ಅಲ್ಲಿ ಎಲ್ಲರ ಕಣ್ಣು ತಕ್ಕಡಿಯ ಮೇಲೆ.

ತೂಕ ಏರಿಸಲೆಂದೇ ಬಂದದ್ದು ಜಿಲ್ಪಟೆರಾಲ್ ಎಂಬ ಮದ್ದು. ಮಾರುವುದಕ್ಕೆ ಮುಂಚಿನ 20ರಿಂದ 40 ದಿನ ಇದನ್ನು ಮೇವಿಗೆ ಬೆರೆಸಿದರೆ, ಕೊಬ್ಬಾಗಬೇಕಾದ ಸತ್ವ ಮಾಂಸಖಂಡಕ್ಕೆ ಸೇರುತ್ತದೆ. 2006ರಲ್ಲಿ ಅಲ್ಲಿನ ಸರಕಾರ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ 2013ರ ಆಗಸ್ಟಿನಲ್ಲಿ ಟೈಸನ್ ಎಂಬ ಭಾರೀ ಮಾಂಸದ ಕಂಪೆನಿ, ಈ ಮದ್ದು ತಿಂದ ದನಗಳನ್ನು ಇನ್ನು ಕೊಳ್ಳುವುದಿಲ್ಲ ಎಂದಿತು. ಕಾರ್ಖಾನೆಗೆ ಬಂದಿಳಿದ ಕೆಲವು ದನಗಳಿಗೆ ನಡೆಯಲಾಗುತ್ತಿರಲಿಲ್ಲ. ಮದ್ದು ತಯಾರಿಸುವ ಮರ್ಕ್ ಕಂಪೆನಿ, ಅದು ನಿರಪಾಯಕರವೆನ್ನುತ್ತಲೇ ಅಮೆರಿಕ ಮತ್ತು ಕೆನಡಾದಲ್ಲಿ ಮಾರಾಟ ನಿಲ್ಲಿಸಿತು.

ಮದ್ದೊಂದೇ ಕಾರಣವೆಂದು ಟೈಸನ್ ಕೂಡ ಖಚಿತವಾಗಿ ಹೇಳಲಿಲ್ಲ. ಬಿಸಿಲು, ಮೈಭಾರ, ಲಾರಿಯ ಕುಲುಕಾಟ, ಮೇವು ನೀರಿಲ್ಲದ ದಾರಿ ಇವೂ ದನವನ್ನು ಸೋಲಿಸುತ್ತವೆ. ಆದರೆ ದೊಡ್ಡಿಯಲ್ಲಿ ಕಾಣದ ದೋಷ ಪ್ರಯಾಣದ ಕೊನೆಯಲ್ಲಿ ಕಂಡಿತೆಂಬುದು ನಿಜ.

ಹಿಂಡಿಯ ಚೀಲ ಕೊಳ್ಳುವಾಗ ಎಷ್ಟು ಹಾಲು ಏರುತ್ತದೆ ಎಂದು ನಾವೂ ಕೇಳುತ್ತೇವೆ. ತಿಂದ ದನ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದೂ ಕೇಳೋಣ.